ಹೊಳಿದಂಡಿ ಮನಿಗೆ ಬೀಗ ಹಾಕೋರು ಯಾರು?

ಪ್ರತಿ ವರ್ಷ ಜುಲೈ ಮೂರನೇ ವಾರ ನಾನೊಂದು ಫೋನ್ ಮಾಡ್ತಿದ್ದೆ. ಆಫೀಸಿನ ಕೆಫೆಟೇರಿಯಾದಲ್ಲಿ ಕೂತು, ಒಂದು ಕೈಯಲ್ಲಿ ಕಾಫಿ ಹಿಡಿದು, "ಕಾಕಾ, ಕೊಯ್ನಾದಿಂದ ನೀರು ಬಿಟ್ಟಾರಂತ. ನಮ್ಮ ಮನಿ ಕಡೆ ಒಂದೀಟು ನೋಡ್ರಿ. ಮೋಟಾರ್ ಮ್ಯಾಲ ತಗೀರಿ. ಬೋಟ್ ಒಂದ್ ಕಟ್ಟಿಬಿಡ್ರಿ." ಆ ಕಡೆಯಿಂದ "ಹೂಂ ತಮ್ಮಾ, ನೋಡತೇನಿ, ನೀ ಕಾಳಜಿ ಮಾಡಬ್ಯಾಡ" ಅಂತ ಉತ್ತರ. ಎರಡು ನಿಮಿಷದ ಮಾತು. ಫೋನ್ ಇಟ್ಟು ನಾನು ಮೀಟಿಂಗಿಗೆ ಹೋಗ್ತಿದ್ದೆ.

ಈ ಬರಹ ಆ ಫೋನ್ ಕರೆಯ ವಿರುದ್ಧ. ಅದನ್ನು ಮಾಡೋ ನನ್ನಂಥವರ ವಿರುದ್ಧ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬೆಂಗಳೂರು, ಪುಣೆಗೆ ಬಂದು ನೆಲೆ ನಿಂತ ನಮಗೆಲ್ಲ ಊರಲ್ಲೊಂದು ಹೊಳಿದಂಡಿ ಮನಿ ಇದೆ. ಅದನ್ನ ನಾವು ಇನ್ನೂ 'ಹಿರಿಯರ ಮನಿ' ಅಂತೀವಿ. ಸುಳ್ಳು. ಹತ್ತು ವರ್ಷದಿಂದ ಅದು ನಮ್ಮ ವೆಕೇಶನ್ ಹೋಂ. ಸಂಕ್ರಾಂತಿಗೆ ಹೋಗ್ತೀವಿ, ನದಿಯಲ್ಲಿ ಮಿಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂತೀವಿ, ಬೋಟಿನಲ್ಲಿ ಒಂದು ಸುತ್ತು ಹೊಡೆದು ಸೂರ್ಯಾಸ್ತದ ಫೋಟೊ ಹಾಕ್ತೀವಿ. ದೀಪಾವಳಿಗೆ ಇನ್ನೊಂದು ಸಲ. ಉಳಿದ ದಿನ ಬೀಗ. ಬೀಗದ ಕೈ ಪಕ್ಕದ ಮನೆಯಲ್ಲಿ.

ಅಮೆರಿಕದ ಮಿನ್ನೆಸೋಟದಲ್ಲಿ ಇರುವ ನನ್ನ ಸ್ನೇಹಿತನೊಬ್ಬ, ನಮ್ಮ ಕಡೆಯವನೇ, ಕೆರೆ ದಂಡೆಯ ಮೇಲೆ ಸಣ್ಣದೊಂದು ಮನೆ ತಗೊಂಡಿದ್ದಾನೆ. ಅಕ್ಟೋಬರ್ ಬಂತೆಂದರೆ ಎರಡು ದಿನ ರಜೆ ಹಾಕಿ ಆ ಮನೆ ಮುಚ್ಚಲು ಹೋಗ್ತಾನೆ. ಮುಚ್ಚೋದು ಅಂದರೆ ಬರೀ ಬೀಗ ಹಾಕೋದಲ್ಲ. ಪೈಪುಗಳಲ್ಲಿನ ನೀರನ್ನೆಲ್ಲ ಖಾಲಿ ಮಾಡಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಒಂದು ಲೋಟದಷ್ಟು ನೀರು ಉಳಿದರೂ ಪೈಪು ಸೀಳಿಹೋಗಬಹುದು. ಸಿಂಕು, ಕಮೋಡಿನ ಬಾಗಿದ ಕೊಳವೆಗಳಿಗೆ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಹಾಕಬೇಕು. ದೋಣಿಯನ್ನು ನೀರಿಂದ ಎಳೆದು, ಎಂಜಿನ್ ಒಣಗಿಸಿ, ಮೇಲೆ ಹೊದಿಕೆ ಬಿಗಿಯಬೇಕು. "ಯಾರಿಗಾದ್ರೂ ಹೇಳಿ ಮಾಡಿಸ್ಬಾರದೇನೋ?" ಅಂತ ಕೇಳಿದರೆ ನಕ್ಕ. "ಪಕ್ಕದ ಮನಿಯಂವಗ ಹೇಳಿದ್ರ ಅಂವ ಪೋಲೀಸ್ರಿಗೆ ಫೋನ್ ಮಾಡ್ತಾನ. ಮನಿ ನಂದು, ಕೆಲಸಾನೂ ನಂದು."

ಅದೇ ಸ್ನೇಹಿತ, ರಬಕವಿ ಹತ್ತಿರದ ತನ್ನ ಅಪ್ಪನ ಮನೆಗೆ ಮಾತ್ರ, ನನ್ನ ಹಾಗೇ, ಫೋನ್ ಮಾಡ್ತಾನೆ.

ನಮ್ಮ ಸೀಮೆಯಲ್ಲಿ ಚಳಿಗಾಲಕ್ಕೆ ಮನೆ ಮುಚ್ಚೋದಿಲ್ಲ. ಚಳಿಗಾಲ ನಮಗೆ ಸೀಜನ್ನು. ಹೆರಕಲ್ ಹಿನ್ನೀರಿಗೆ ಫ್ಲೆಮಿಂಗೊ ಬರೋದು ಆವಾಗ, ನಾವು ಬರೋದೂ ಆವಾಗ. ಮುಚ್ಚಬೇಕಾದ್ದು ಮಳೆಗಾಲಕ್ಕೆ. ಅದೂ ನಮ್ಮೂರಿನ ಮಳೆಗಲ್ಲ. ನಮ್ಮಲ್ಲಿ ಮಿರಗಾ ಮಳೆ ಕೈಕೊಟ್ಟ ವರ್ಷವೂ ಹೊಳಿ ಬರಬಹುದು, ಯಾಕಂದ್ರೆ ಹೊಳಿ ತುಂಬೋದು ಸಹ್ಯಾದ್ರಿಯಲ್ಲಿ. 105 ಟಿಎಂಸಿಯ ಕೊಯ್ನಾ ತುಂಬಿ ಬಿಟ್ಟ ನೀರು ಕರಾಡದಲ್ಲಿ ಕೃಷ್ಣೆಗೆ ಸೇರಿ, ಸಾಂಗಲಿ ದಾಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು, ರಾಜಾಪುರ ಬ್ಯಾರೇಜು, ಹಿಪ್ಪರಗಿ ಬ್ಯಾರೇಜು ದಾಟಿ ನಮ್ಮ ಬಾಗಿಲಿಗೆ ಬರುತ್ತದೆ. ಮುಂದೆ 123 ಟಿಎಂಸಿಯ ಆಲಮಟ್ಟಿ. ಅತ್ತ ಮುಧೋಳದವರಿಗೆ ಇದೇ ಕಥೆ ಘಟಪ್ರಭೆಯಲ್ಲಿ: 51 ಟಿಎಂಸಿಯ ಹಿಡಕಲ್ ತುಂಬಿತು ಅಂದರೆ ಯಾದವಾಡ ಸೇತುವೆ ಮುಳುಗಿತು, ಢವಳೇಶ್ವರ ಸೇತುವೆ ಮುಳುಗಿತು ಅಂತ ಲೆಕ್ಕ. ರಬಕವಿಯಿಂದ ಮಹಿಷವಾಡಗಿಗೆ ದಾಟಿಸುವ ಬೋಟು ಬಂದ್ ಆಯಿತು ಅನ್ನೋ ಸುದ್ದಿ ಪೇಪರಿನಲ್ಲಿ ಬಂದರೆ ನಮ್ಮಮ್ಮ ಅಟ್ಟದ ಏಣಿ ಹಚ್ಚುತ್ತಿದ್ದಳು.

ಅಂದರೆ ಇದು ಭೂಕಂಪದ ಹಾಗೆ ಹೇಳದೆ ಕೇಳದೆ ಬರೋ ಆಪತ್ತಲ್ಲ. ಮೇಲಿನ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನೋದು ದಿನಾ ಫೋನಿಗೆ ಬರುತ್ತೆ. 1 ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರು. ನೀರು ನಮ್ಮವರೆಗೆ ಬರೋದಕ್ಕೆ ವೇಳೆ ಬೇಕು. ಆಷಾಢ, ಶ್ರಾವಣದಲ್ಲಿ ಬರುತ್ತೆ ಅಂತ ನಮ್ಮಜ್ಜನಿಗೂ ಗೊತ್ತಿತ್ತು. ಅಷ್ಟು ಗೊತ್ತಿದ್ದೂ, ಗೂಗಲ್ ಕ್ಯಾಲೆಂಡರಿನಲ್ಲಿ ಎಲ್ಲರ ಹುಟ್ಟಿದ ಹಬ್ಬ ಇಟ್ಟುಕೊಂಡ ನಾವು 'ಮನಿ ಮುಚ್ಚೋದು' ಅನ್ನೋ ದಿನ ಇಟ್ಟುಕೊಂಡಿಲ್ಲ.

ಈ ಕೆಲಸ ಏನು ಅಂತ ತಿಳಿಯದೇ ಇರೋದರಿಂದಲೇ ನಾವದನ್ನ ಇನ್ನೊಬ್ಬರಿಗೆ 'ಒಂದೀಟು ನೋಡ್ರಿ' ಅಂತ ಹೇಳೋದು. ಹಾಗಾಗಿ ಬರೀತೀನಿ.

ಹೊಳಿಯ ಮೋಟಾರು ಬಿಚ್ಚಿ ಎತ್ತರಕ್ಕೆ ಒಯ್ಯಬೇಕು. ಐದೋ ಏಳೋ ಎಚ್‌ಪಿಯ ಮೋಟಾರನ್ನ ಕೆಸರಿನ ದಂಡೆ ಹತ್ತಿಸೋಕೆ ಕನಿಷ್ಠ ಇಬ್ಬರು ಗಟ್ಟಿ ಆಳು ಬೇಕು. ಸ್ಟಾರ್ಟರ್ ಡಬ್ಬಿ ಬೇರೆ. ಮನೆಯ ಮೇನ್ ಸ್ವಿಚ್ ತೆಗೀಬೇಕು. ಗ್ಯಾಸ್ ಸಿಲಿಂಡರು ನೀರಲ್ಲಿ ತೇಲುತ್ತೆ, ಅದನ್ನ ಮೇಲಕ್ಕೊಯ್ಯಬೇಕು. ಸಂಡಾಸಿನ ಬಾಯಿಗೆ ಮರಳಿನ ಚೀಲ ಇಡದಿದ್ದರೆ ಗುಂಡಿಯದ್ದೆಲ್ಲ ಮನೆಯೊಳಗೆ. ಜೋಳ, ಗೋಧಿ ಅಟ್ಟಕ್ಕೆ. ಉತಾರ, ಪಾಸ್‌ಬುಕ್ಕು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಊರಾಚೆಗೆ. ನೀರು ಒಳಗೆ ಬಂದೇ ಬರುತ್ತೆ ಅನ್ನೋ ಮಟ್ಟಕ್ಕೆ ಹೋದರೆ ಬಾಗಿಲು ತೆರೆದಿಡಬೇಕು, ಮುಚ್ಚಬಾರದು. ಹೊರಗೆ ಎದೆಮಟ್ಟ ನೀರು, ಒಳಗೆ ಒಣಾ ಇದ್ದರೆ ಗೋಡೆ ತಡೆಯೋಲ್ಲ. ಬೀಗ ಹಾಕಿಕೊಂಡು ಬಂದ ನಾವು ಅದನ್ನೂ ಕೆಡಿಸಿರ್ತೀವಿ. ಮಣ್ಣಿನ ಗೋಡೆಯ ಮಾಳಿಗಿ ಮನಿಗಳು ಎಷ್ಟೋ ಸಲ ಬೀಳೋದು ನೀರು ಬಂದಾಗಲ್ಲ, ಇಳಿದ ಮೇಲೆ, ಬಿಸಿಲು ಬಿದ್ದಾಗ. ಆವಾಗ ಒಳಗೆ ಹೋಗಿ ಕೆಸರು ಬಳಿಯೋರು ಯಾರು?

ಬೋಟಿಂದು ಬೇರೆ ಪುರಾಣ. ಹಿಂದಿನ ಹರಗೋಲಾದರೆ ಎಳೆದು ಬೋರಲು ಹಾಕಿದರೆ ಮುಗೀತು. ನಮ್ಮದು ಫೈಬರಿಂದು, ಹಿಂದೆ ಎಂಜಿನ್ನು. ಎಂಜಿನ್ ಬಿಚ್ಚಿ, ಪೆಟ್ರೋಲ್ ಖಾಲಿ ಮಾಡಿ, ಕಾರ್ಬೊರೇಟರ್ ಒಣಗೋವರೆಗೆ ಓಡಿಸಿ, ಪ್ಲಗ್ಗಿಗೆ ಎರಡು ಹನಿ ಎಣ್ಣೆ ಬಿಟ್ಟು ಒಳಗಿಡಬೇಕು. ಬೋಟು ದಂಡೆಗೆ ಎಳೆದರೆ ಸಾಲದು, ಹೋದ ವರ್ಷದ ನೀರಿನ ಗುರುತಿಗಿಂತ ಮೇಲೆ ಎಳೀಬೇಕು. ಆಗದಿದ್ದರೆ ಮರಕ್ಕೆ ಕಟ್ಟಬೇಕು, ಹಗ್ಗ ಉದ್ದ ಬಿಡಬೇಕು. ಗಿಡ್ಡ ಹಗ್ಗ ಬಿಗಿದು ಕಟ್ಟಿದರೆ ನೀರು ಏರಿದಂತೆ ಬೋಟಿನ ಮೂತಿ ಹಗ್ಗಕ್ಕೆ ಸಿಕ್ಕಿಬಿದ್ದು, ತೇಲಬೇಕಾದ್ದು ಮುಳುಗುತ್ತೆ.

ಈ ಹಗ್ಗದ ವಿಷಯ ನನಗೆ 2019ರಲ್ಲಿ ಗೊತ್ತಾಯಿತು.

ಆ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಬೋಟನ್ನ ದಂಡೆಯ ಜಾಲಿಗಿಡಕ್ಕೆ ನಾನೇ ಕಟ್ಟಿದ್ದೆ. ಯೂಟ್ಯೂಬ್ ನೋಡಿ ಕಲಿತ ಗಂಟು, ಎರಡು ಮಾರು ಹಗ್ಗ, ಗಟ್ಟಿಯಾಗಿ. ಬಹಳ ಹೆಮ್ಮೆಯಿಂದ ಫೋಟೊ ಕೂಡ ತೆಗೆದುಕೊಂಡಿದ್ದೆ. ಆಗಸ್ಟ್ ಮೊದಲ ವಾರ, ಆಶ್ಲೇಷಾ ಮಳೆಯಲ್ಲಿ, ಕೃಷ್ಣೆ ಬಂದಳು. ಆ ಸಲ ಆಲಮಟ್ಟಿಯಿಂದ ಹೊರಬಿಟ್ಟ ನೀರೇ 5 ಲಕ್ಷ ಕ್ಯೂಸೆಕ್ ದಾಟಿತ್ತು. ನಾನು ಎಂದಿನಂತೆ ಫೋನ್ ಮಾಡಿದೆ. ಕಾಕಾ ಎಂದಿನಂತೆ "ಹೂಂ" ಅಂದರು.

ಮುಂದೆ ನಡೆದದ್ದು ನನಗೆ ತಿಳಿದಿದ್ದು ದೀಪಾವಳಿಯಲ್ಲಿ, ಅದೂ ಅವರ ಮಗನ ಬಾಯಿಂದ. ಕತ್ತಲಾದ ಮೇಲೆ ಅಪ್ಪ ಮಗ ಇಬ್ಬರೂ ಹೋಗಿ ನಮ್ಮ ಮೋಟಾರು ಬಿಚ್ಚಿ ಮೇಲೆ ತಂದರು. ಆಮೇಲೆ ನೋಡಿದರೆ ಬೋಟಿನ ಮೂತಿ ನೀರೊಳಗೆ ಅರ್ಧ ಹೋಗಿತ್ತು. ನಾನು ಹಾಕಿದ ಗಂಟು ನೆಂದು ಬಿಚ್ಚಲಿಲ್ಲ. ಅರವತ್ತು ದಾಟಿದ ಮನುಷ್ಯ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಕುಡಗೋಲಿನಿಂದ ಹಗ್ಗ ಕೊಯ್ದರು. ಅಷ್ಟರಲ್ಲಿ ಅವರ ಮನೆಯೊಳಗೆ ನೀರು ಹೊಕ್ಕಿತ್ತು. ವರ್ಷದ ಜೋಳದ ಚೀಲಗಳು ಕೆಳಗೇ ಇದ್ದವು. ಹೆಂಡತಿ, ಸೊಸೆ ಎತ್ತಿದಷ್ಟು ಎತ್ತಿದರು. ಉಳಿದದ್ದು ಮೊಳಕೆ ಬಂತು. ಅವರ ಮನೆಯವರೆಲ್ಲ ಕಾಳಜಿ ಕೇಂದ್ರ ಅನ್ನೋ ಶಾಲೆಯ ಕೋಣೆಯಲ್ಲಿ ಹನ್ನೊಂದು ದಿನ ಇದ್ದರು. ನಮ್ಮ ಮೋಟಾರು ಒಣಗಿತ್ತು.

ಕಾಕಾ ಅವತ್ತು ಹೊಳಿಯಲ್ಲಿ ಹೋಗಿಬಿಟ್ಟಿದ್ದರೆ? ಪೇಪರಿನಲ್ಲಿ 'ಪ್ರವಾಹಕ್ಕೆ ವೃದ್ಧ ಬಲಿ' ಅಂತ ಬರ್ತಿತ್ತು. ಅದು ಪ್ರವಾಹದ ಲೆಕ್ಕಕ್ಕೆ ಹೋಗ್ತಿತ್ತು. ನನ್ನ ಗಂಟಿನ ಲೆಕ್ಕಕ್ಕೆ, ನನ್ನ ಎರಡು ನಿಮಿಷದ ಫೋನಿನ ಲೆಕ್ಕಕ್ಕೆ ಬರ್ತಿರಲಿಲ್ಲ.

ಇನ್ನೂ ಒಂದಿದೆ, ಹೇಳೋಕೆ ನಾಚಿಕೆ. ನಮ್ಮ ಹಿತ್ತಿಲ ಗೋಡೆ, ಒಂದು ಕೋಣೆ ಬಿದ್ದಿತ್ತು. ಪರಿಹಾರದ ಪಟ್ಟಿಯಲ್ಲಿ ಹೆಸರು ಬಂತು, ದುಡ್ಡೂ ಬಂತು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಕಡಿಮೆ ಹಾನಿಗೆ ಅದಕ್ಕೆ ತಕ್ಕಂತೆ ಅಂತ ಸರ್ಕಾರ ಹೇಳಿತ್ತು. ನಮ್ಮ ಉತಾರ ಸರಿಯಿತ್ತು, ಆಧಾರ್ ಸರಿಯಿತ್ತು, ಫಾರ್ಮ್ ತುಂಬೋಕೆ ಓದಿದವರಿದ್ದರು. ಕಾಕಾನ ಮನೆಯ ಉತಾರ ತೀರಿಹೋದ ಅಣ್ಣನ ಹೆಸರಿನಲ್ಲೇ ಇತ್ತು. ಅವರು ಎರಡು ವರ್ಷ ಓಡಾಡಿದರು. ವಾಸ ಮಾಡೋ ಮನೆಗೆ ಓಡಾಟ, ಬೀಗ ಹಾಕಿದ ಮನೆಗೆ ಪರಿಹಾರ. ನಾವು ತಪ್ಪು ಕಾಗದ ಕೊಟ್ಟಿಲ್ಲ, ಕಾನೂನು ಮುರಿದಿಲ್ಲ. ಆದರೂ ಆ ದುಡ್ಡು ನಮ್ಮದಾಗಿರಲಿಲ್ಲ.

ಇದನ್ನ ಗೆಳೆಯರ ಗುಂಪಿನಲ್ಲಿ ಹೇಳಿದಾಗ ಬಂದ ಉತ್ತರಗಳು ಮೂರು.

ಮೊದಲನೇದು, "ರಜಾ ಸಿಗಂಗಿಲ್ಲೋ." ಅಲ್ರೀ, ಗೋವಾಕ್ಕೆ ಸಿಗುತ್ತೆ, ಕೂರ್ಗಿಗೆ ಸಿಗುತ್ತೆ. ಸಂಕ್ರಾಂತಿಗೆ ಮೂರು ತಿಂಗಳು ಮೊದಲೇ ಟಿಕೆಟ್ ಬುಕ್ ಮಾಡ್ತೀವಿ. ಒಂದು ರಾತ್ರಿಯ ಬಸ್ಸು ಹೋಗೋಕೆ, ಒಂದು ರಾತ್ರಿ ಬರೋಕೆ. ನಡುವೆ ಶನಿವಾರ, ಭಾನುವಾರ. ರಜೆಯೇ ಬೇಕಿಲ್ಲ. ಬೇಕಾದ್ದು, ಊರು ಚೆಂದ ಕಾಣದ ದಿನವೂ ಊರಿಗೆ ಹೋಗೋ ಮನಸ್ಸು.

ಎರಡನೇದು, "ನಾವು ಅವರಿಗೆ ಏನಾದ್ರೂ ಕೊಡ್ತೀವಲ್ಲ." ಏನು ಕೊಡ್ತೀವಿ? ದೀಪಾವಳಿಗೆ ಒಂದು ಧೋತ್ರ, ಒಂದು ಸೀರೆ, ಐದುನೂರರ ಎರಡು ನೋಟು, ಸ್ವೀಟ್ ಬಾಕ್ಸು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದೇ ನಾವು ಪ್ರತಿ ತಿಂಗಳು ಸಾವಿರಾರು ರೂಪಾಯಿ ಮೆಂಟೆನೆನ್ಸ್ ಕಟ್ತೀವಿ, ಒಂದು ದಿನ ಲಿಫ್ಟ್ ನಿಂತರೆ ವಾಟ್ಸ್ಯಾಪ್ ಗುಂಪಿನಲ್ಲಿ ಯುದ್ಧ ಹೂಡ್ತೀವಿ. ಅದು ಒಪ್ಪಂದ. ಇದು 'ಸಂಬಂಧ'. ಸಂಬಂಧ ಅನ್ನೋ ಶಬ್ದ ಇಲ್ಲಿ ಮಾಡ್ತಿರೋ ಕೆಲಸ ಏನು ಗೊತ್ತಾ? ಕೂಲಿ ಉಳಿಸೋದು. ಕಾಕಾ ಅಂದುಬಿಟ್ಟರೆ ಸಂಬಳ ಕೇಳಂಗಿಲ್ಲ.

ಮೂರನೇದು, "ಆ ಜನಾ ಯಾಕ ಅಲ್ಲೇ ಇರ್ತಾರ? ಮ್ಯಾಲ ಹೋಗಬೇಕು." ಇದು ನಮ್ಮವರಿಗಿಂತ ಹೆಚ್ಚಾಗಿ ಪ್ರವಾಹದ ವಿಡಿಯೊ ನೋಡೋ ಊರವರಲ್ಲದವರು ಕೇಳೋ ಪ್ರಶ್ನೆ. ಉತ್ತರ ಉದ್ದ ಇದೆ, ತಾಳ್ಮೆ ಬೇಕು. ಆಲಮಟ್ಟಿಗೆ ಶಂಕುಸ್ಥಾಪನೆ ಆಗಿದ್ದು 1964ರಲ್ಲಿ. ಈಗ ನೀರು ನಿಲ್ಲಿಸೋದು 519.60 ಮೀಟರಿಗೆ. 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. ನಡುವಿನ ಈ ನಾಲ್ಕೂವರೆ ಮೀಟರು ಅಂತರದಲ್ಲಿ ಬಾಗಲಕೋಟೆ ಜಿಲ್ಲೆಯ ಎಷ್ಟೋ ಊರು, ಹೊಲಗಳು ತೂಗಾಡ್ತಿವೆ. ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ದರ ನಿಗದಿ ಮಾಡಿತು. ಆ ದುಡ್ಡು ಕೈಗೆ ಬರೋವರೆಗೆ ಬದುಕೋದು ಅಲ್ಲೇ. ಮುಂದೆ ಮುಳುಗಬಹುದಾದ ಮನೆಗೆ ಯಾರು ಗಿಲಾವು ಮಾಡಿಸ್ತಾರೆ? ಮುಳುಗದೇ ಉಳಿಯಬಹುದಾದ ಮನೆ ಯಾರು ಬಿಟ್ಟುಹೋಗ್ತಾರೆ? ಹೊಲ ಹೊಳಿದಂಡಿಗೆ, ಎಮ್ಮೆ ಹೊಳಿದಂಡಿಗೆ, ಮೀನು ಹೊಳಿಯಲ್ಲಿ. ಪುನರ್ವಸತಿ ಕೇಂದ್ರದ ಪ್ಲಾಟಿನಲ್ಲಿ ಅಂಬಿಗ ಏನು ಮಾಡಬೇಕು?

ಈ ಜನ ಹೊಳಿಯ ಬಗ್ಗೆ ದಡ್ಡರೂ ಅಲ್ಲ. ಸರ್ಕಾರ ಕಟ್ಟಲಿ ಅಂತ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದ ಸೀಮೆ ಇದು. ಅದಕ್ಕೆ 'ಶ್ರಮಬಿಂದು ಸಾಗರ' ಅಂತ ಹೆಸರಿಟ್ಟರು. ಆ ದುಡಿಮೆಯ ಕತೆಯನ್ನ ನಾವು ಆಫೀಸಿನಲ್ಲಿ ಉತ್ತರ ಭಾರತದ ಸಹೋದ್ಯೋಗಿಗಳಿಗೆ ಎದೆಯುಬ್ಬಿಸಿ ಹೇಳ್ತೀವಿ. ನಮ್ಮ ಮೋಟಾರು ಎತ್ತೋಕೆ ಮಾತ್ರ ಫೋನ್.

ಅವರು ಅಲ್ಲಿರೋದು ಬೇರೆ ಮನೆ ಇಲ್ಲ ಅಂತ. ನಮ್ಮ ಮನೆ ಅಲ್ಲಿರೋದು ಬೇರೆ ಮನೆ ಇದ್ದೂ ಅದನ್ನ ಬಿಡೋಕೆ ಮನಸ್ಸಿಲ್ಲ ಅಂತ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ನಾವೂ ನೆರೆ ಸಂತ್ರಸ್ತರು' ಅನ್ನಬಾರದು.

ಹಾಗಾದರೆ ಮನಿ ಮಾರಿಬಿಡಬೇಕಾ? ನಾನು ಹಾಗೆ ಹೇಳ್ತಿಲ್ಲ. ನನ್ನ ಅಪ್ಪ ಆ ಬೋಟು ತಂದಿದ್ದು ಫೋಟೊಕ್ಕಲ್ಲ. ಹಿನ್ನೀರು ಬಂದು ಹೊಲದ ದಾರಿ ಮುಳುಗಿದ ಮೇಲೆ ಆಚೆ ದಾಟೋಕೆ ತಂದದ್ದು. ಆ ಮನೆಯ ಕಟ್ಟೆ ಮೇಲೆ ನಮ್ಮಮ್ಮ ಶೇಂಗಾ ಒಣಹಾಕ್ತಿದ್ದಳು. ಅದು ಬೇಕು ನನಗೂ. ಆದರೆ ಬೇಕು ಅನ್ನೋದಕ್ಕೆ ಬೆಲೆ ಇದೆ, ಅದನ್ನ ಇಷ್ಟು ದಿನ ಬೇರೆಯವರು ಕೊಟ್ಟರು.

ನಾನು ಈಗ ಪಾಲಿಸೋದು ನಾಲ್ಕು ಮಾತು. ನಿಮಗೂ ಹೇಳ್ತೀನಿ.

ಕಾರಹುಣ್ಣಿಮೆಗೆ ಊರಿಗೆ ಹೋಗಿ. ಊರೆಲ್ಲ ಎತ್ತು ಓಡಿಸೋ ಸಂಭ್ರಮದಲ್ಲಿರುತ್ತೆ, ನೀರಿನ್ನೂ ಕೆಳಗಿರುತ್ತೆ. ಮಾರನೇ ದಿನ ಮೋಟಾರು, ಬೋಟು, ಸಿಲಿಂಡರು, ಎಲ್ಲ ನಿಮ್ಮ ಕೈಯಿಂದ ಎತ್ತಿ. ಆಳು ಬೇಕಾದರೆ ಕರೀರಿ, ಅವತ್ತಿನ ಕೂಲಿ ಅವತ್ತೇ ಕೊಡಿ. ಮಳೆಗಾಲದ ನಡುವೆ ಹೊಲಕ್ಕೆ ಮೋಟಾರು ಬೇಕೇ ಬೇಕು ಅನ್ನೋರು ಅಲ್ಲೇ ಒಕ್ಕಲುತನ ಮಾಡೋರು, ಅವರಿಗೆ ನನ್ನ ಉಪದೇಶ ಬೇಕಿಲ್ಲ.

ಬೀಗದ ಕೈ ಇಟ್ಟುಕೊಂಡವರಿಗೆ ನಾಲ್ಕು ತಿಂಗಳ ಸಂಬಳ ಮೊದಲೇ ಕೊಡಿ. ಎಷ್ಟು ಅಂತ ಬಾಯಿಬಿಟ್ಟು ಮಾತಾಡಿ. ಅವರು ಬೇಡ ಅಂತಾರೆ. ನೀವು ಕೊಡಿ.

ನೀರು ಬಂದ ಮೇಲೆ ಫೋನ್ ಮಾಡಿದರೆ ಒಂದೇ ಮಾತು ಹೇಳಿ: "ನಮ್ಮ ಮನಿ ಕಡೆ ಹೋಗಬ್ಯಾಡ್ರಿ." ಹೋದದ್ದು ಹೋಗಲಿ. ಬೋಟು ಹೋದರೆ ಇನ್ನೊಂದು ಬರುತ್ತೆ.

ನಾಲ್ಕನೇದು ಕಷ್ಟದ್ದು. ನಿಮ್ಮ ಮನೆ ಊರಿನ ಎತ್ತರದ ಜಾಗದಲ್ಲಿದ್ದರೆ, ಅಥವಾ ಮೇಲೊಂದು ಆರ್‌ಸಿಸಿ ಕೋಣೆ ಇದ್ದರೆ, ಆ ನಾಲ್ಕು ತಿಂಗಳು ಅದನ್ನ ಪಕ್ಕದವರಿಗೆ ಬಿಟ್ಟುಕೊಡಿ. ಅವರ ಜೋಳ ಅಲ್ಲಿರಲಿ, ಅವರ ಬಾಣಂತಿ ಅಲ್ಲಿರಲಿ. ಬೀಗ ಹಾಕಿದ ಗಟ್ಟಿ ಕೋಣೆಯ ಪಕ್ಕದಲ್ಲಿ ಜೋಳ ಮೊಳಕೆ ಒಡೆಯೋದು ಅನ್ಯಾಯ. ನಾವು ಹೋದ ವರ್ಷದಿಂದ ಹಾಗೆ ಮಾಡಿದ್ದೀವಿ. ನಮ್ಮಣ್ಣ "ಆಮ್ಯಾಲ ಬಿಡಲಿಲ್ಲಂದ್ರ?" ಅಂತ ಕೇಳಿದ. ಬಿಡಲಿಲ್ಲ ಅಂದರೆ ಆ ಕೋಣೆಯಲ್ಲಿ ವರ್ಷಪೂರ್ತಿ ದೀಪ ಉರಿಯುತ್ತೆ. ಅದಕ್ಕೂ ನಾನು ತಯಾರಿದ್ದೀನಿ. ನಮ್ಮಣ್ಣ ಇನ್ನೂ ಇಲ್ಲ. ಆ ಜಗಳ ನಡೆದೇ ಇದೆ.

ಈ ಸಲ ಬೋಟು ಎಳೆಯೋವಾಗ ಕಾಕಾ ದಂಡೆಯ ಮೇಲೆ ಕೂತು ನೋಡ್ತಿದ್ದರು. ನಾನು, ಅವರ ಮಗ, ಇನ್ನಿಬ್ಬರು ಹುಡುಗರು ಎಳೆದೆವು. ಆಫೀಸಿನ ಬೆನ್ನು, ಎರಡು ದಿನ ನೋವು. ಹಗ್ಗ ಕಟ್ಟೋಕೆ ಹೋದಾಗ ಮಾತ್ರ ಎದ್ದು ಬಂದು ಕೈಯಿಂದ ಹಗ್ಗ ಕಸಿದುಕೊಂಡರು. "ಅದೊಂದು ನಿನ್ನ ಕೆಲಸ ಅಲ್ಲ, ಸರಿ ಆಚೆ."

ಅದೊಂದನ್ನ ನಾನು ಒಪ್ಪಿಕೊಂಡೆ. ಪಕ್ಕದಲ್ಲಿ ಕೂತು ಕಲೀತಿದ್ದೀನಿ. ನೀವು ಈ ವಾರ ಊರಿಗೆ ಫೋನ್ ಮಾಡೋದಿದ್ದರೆ ಮಾಡಿ. ಆದರೆ ಮೊದಲು ಬಸ್ಸಿನ ಟಿಕೆಟ್ ಬುಕ್ ಮಾಡಿ, ಆಮೇಲೆ.